ಬಲೂನಿನಲ್ಲಿ ಹಿಡಿಸದ ಕನ್ನಡ: ಕಾಮಿಕ್ಸ್, ಡಬ್ಬಿಂಗ್, ಕುಸ್ತಿ ಕಾಮೆಂಟರಿಯವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಕನ್ನಡದಲ್ಲಿ ಕಾಮಿಕ್ಸ್ ಅಚ್ಚು ಹಾಕಿಸುವ ಪ್ರಕಾಶಕರು, ಬೇರೆ ಭಾಷೆಯ ಸಿನಿಮಾ–ಸರಣಿಗಳಿಗೆ ಕನ್ನಡದ ದನಿ ಕೊಡಿಸುವ ಸ್ಟುಡಿಯೊಗಳು, ಓಟಿಟಿಗಳಲ್ಲಿ ಕನ್ನಡ ವಿಭಾಗ ನೋಡಿಕೊಳ್ಳುವವರು, ಕುಸ್ತಿ ಕಾರ್ಯಕ್ರಮಗಳ ಹಕ್ಕು ಕೊಂಡು ಯಾವ ಭಾಷೆಯಲ್ಲಿ ಕಾಮೆಂಟರಿ ಇರಬೇಕೆಂದು ತೀರ್ಮಾನಿಸುವವರು, ನಿಮಗೆಲ್ಲರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ಕೆಲಸ ನಾಲ್ಕು ಥರದ್ದಾದರೂ ಎಡವಟ್ಟು ಆಗುತ್ತಿರುವುದು ಒಂದೇ ಜಾಗದಲ್ಲಿ.

ಕನ್ನಡ ಆವೃತ್ತಿ ಸಪ್ಪೆಯಾಗಿದೆ ಅಂತ ದೂರು ಬಂದ ಕೂಡಲೇ ಎಲ್ಲರೂ ಅನುವಾದಕರ ಮೇಲೆ ಬೀಳುತ್ತಾರೆ. ಅವರಲ್ಲೂ ಕಾಟಾಚಾರಕ್ಕೆ ಬರೆದು ಕೈತೊಳೆದುಕೊಳ್ಳುವವರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಚೆನ್ನಾಗಿ ಅನುವಾದವಾದ ಕತೆಯೂ ಓದುಗರ ಕೈ ಸೇರುವಷ್ಟರಲ್ಲಿ ಕೆಟ್ಟಿರುತ್ತದೆ. ಕೆಡುವುದು ಆಮೇಲಿನ ಕೆಲಸದಲ್ಲಿ: ಪಾತ್ರಗಳ ಮಾತು ಬರೆಯುವ ಬಲೂನಿನೊಳಗೆ ಅಕ್ಷರ ಕೂರಿಸುವಾಗ, ಸಬ್‌ಟೈಟಲಿನ ಸಾಲು ಅಳೆಯುವಾಗ, ದನಿ ಆರಿಸುವಾಗ, ಮಿಕ್ಸಿಂಗ್ ಮಾಡುವಾಗ. ಈ ಕೆಲಸಗಳಲ್ಲಿ ಕನ್ನಡ ಗೊತ್ತಿರುವವರು ಒಬ್ಬರೂ ಇರುವುದಿಲ್ಲ, ಇಲ್ಲವೇ ಇದ್ದವರಿಗೆ ಕಡೆಯ ಎರಡು ದಿನ ಕೊಟ್ಟಿರುತ್ತಾರೆ. ರಿಪೇರಿಗೆ ಬಹಳಷ್ಟು ಕಡೆ ದುಡ್ಡು ಕೂಡ ಹೆಚ್ಚು ಬೇಡ, ಗೊತ್ತಿರಬೇಕು ಅಷ್ಟೇ.

ಕಾಮಿಕ್ಸಿನಿಂದ ಶುರು ಮಾಡೋಣ, ಅಲ್ಲಿ ನಮಗೊಂದು ಹಕ್ಕೂ ಇದೆ. ಅಮರ ಚಿತ್ರ ಕಥೆ ಅಂದರೆ ಮುಂಬೈಯದು, ಇಂಗ್ಲಿಷಿನದು ಅಂತ ತಿಳಿದವರೇ ಜಾಸ್ತಿ. ಅದರ ಮೊದಲ ಹತ್ತು ಸಂಚಿಕೆಗಳು ಬಂದದ್ದು ಕನ್ನಡದಲ್ಲಿ, 1965ರಲ್ಲಿ. ಸಿಂಡ್ರೆಲಾ ಥರದ ಪರದೇಶದ ಕತೆಗಳು. ಅವು ಚೆನ್ನಾಗಿ ಮಾರಾಟವಾದ ಮೇಲೆ ಇಂಗ್ಲಿಷಿಗೆ ಕೈಹಾಕಿದರು. ಸಂಪಾದಕ ಅನಂತ ಪೈ ಅವರ ‘ಕೃಷ್ಣ’ಕ್ಕೆ 11ನೇ ನಂಬರು ಬಿದ್ದದ್ದು ಆ ಕಾರಣಕ್ಕೆ. ಆಮೇಲೆ ಮಕ್ಕಳ ಪತ್ರಿಕೆ ಬಾಲಮಂಗಳದ ಡಿಂಗ ಬಂದ. ಅವನು ಮೂಲದಲ್ಲಿ ಮಲಯಾಳದ ಡಿಂಕನ್, 1983ರಲ್ಲಿ ಹುಟ್ಟಿದ ಇಲಿ. ಕನ್ನಡದ ಮಕ್ಕಳಿಗೆ ಅವನು ಹೊರಗಿನವನು ಅಂತ ಒಂದು ದಿನವೂ ಅನ್ನಿಸಲಿಲ್ಲ. ಅಂದಮೇಲೆ ಕನ್ನಡದಲ್ಲಿ ಕಾಮಿಕ್ಸ್ ಓಡುವುದಿಲ್ಲ ಅನ್ನುವ ಮಾತನ್ನು ದಯವಿಟ್ಟು ಇಲ್ಲಿಗೇ ಬಿಡಿ.

ಈಗ ಬಲೂನು. ಅಮೆರಿಕದ ಕಾಮಿಕ್ಸಿನಲ್ಲಿ ಮಾತೆಲ್ಲ ದೊಡ್ಡಕ್ಷರದಲ್ಲಿ ಇರುತ್ತದೆ. ಆ ಅಕ್ಷರಗಳೆಲ್ಲ ಒಂದೇ ಎತ್ತರ, ಕೆಳಗೆ ಬಾಲವಿಲ್ಲ, ಮೇಲೆ ಕೊಂಬಿಲ್ಲ. ಹಾಗಾಗಿ ಸಾಲಿನ ಮೇಲೆ ಸಾಲು ಇಟ್ಟಿಗೆ ಇಟ್ಟ ಹಾಗೆ ಕೂರುತ್ತದೆ, ಮಧ್ಯೆ ಜಾಗವೇ ಬೇಡ. ಕನ್ನಡದಲ್ಲಿ ‘ರಾಷ್ಟ್ರ’ ಅಂತ ಬರೆದು ನೋಡಿ: ಷಕಾರದ ಕೆಳಗೆ ಟ, ಅದಕ್ಕೆ ಅಂಟಿಕೊಂಡು ರ. ಈ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿದರೆ ಎರಡೂ ಸಾಲು ಓದಲು ಬರುವುದಿಲ್ಲ. ಇಂಗ್ಲಿಷ್ ಕಾಮಿಕ್ಸಿನಲ್ಲಿ ಅಕ್ಷರದ ಅಳತೆಗೂ ಸಾಲಿನ ಅಂತರಕ್ಕೂ ಹೆಚ್ಚುಕಡಿಮೆ ಒಂದೇ ಅಂಕೆ ಸಾಕಾದರೆ, ಕನ್ನಡಕ್ಕೆ ಒಂದಕ್ಕೆ ಒಂದೂವರೆ ಬೇಕು. 10 ಪಾಯಿಂಟ್ ಅಕ್ಷರಕ್ಕೆ 14ರಿಂದ 15 ಪಾಯಿಂಟ್ ಅಂತರ ಅಂತ ಇಟ್ಟುಕೊಳ್ಳಿ. ಮೂಲದಲ್ಲಿ ಐದು ಸಾಲು ಹಿಡಿಸಿದ ಬಲೂನಿನಲ್ಲಿ ಕನ್ನಡದ ಮೂರು, ಬಹಳವೆಂದರೆ ಮೂರೂವರೆ ಸಾಲು ಹಿಡಿಸುತ್ತದೆ. ಇದು ಗೊತ್ತಿಲ್ಲದೆ ಐದು ಸಾಲಿನ ಅನುವಾದ ತರಿಸಿಕೊಂಡು, ಹಿಡಿಸದೆ ಹೋದಾಗ ಅಕ್ಷರವನ್ನು 7 ಪಾಯಿಂಟಿಗೆ ಇಳಿಸುತ್ತಾರೆ. ಒರಟು ಕಾಗದದಲ್ಲಿ ಆ ಗಾತ್ರಕ್ಕೆ ಶಾಯಿ ಹರಡಿ ‘ಷ’, ‘ಪ’, ‘ಫ’ ಮೂರೂ ಒಂದೇ ಕಪ್ಪು ಚುಕ್ಕೆ. ಒಂಬತ್ತೂವರೆಗಿಂತ ಕೆಳಗೆ ಇಳಿಯಬೇಡಿ. ಜಾಗ ಸಾಲದಿದ್ದರೆ ಮಾತು ಕತ್ತರಿಸಿ, ಅಕ್ಷರ ಕುಗ್ಗಿಸಬೇಡಿ.

ಇನ್ನೊಂದು ತೊಂದರೆ ಬಲೂನಿನ ಆಕಾರದ್ದು. ಮೊಟ್ಟೆಯಾಕಾರದ ಬಲೂನಿನಲ್ಲಿ ಮೊದಲ ಸಾಲು ಚಿಕ್ಕದು, ನಡುವಿನದು ಉದ್ದ, ಕೊನೆಯದು ಮತ್ತೆ ಚಿಕ್ಕದು. ಇಂಗ್ಲಿಷಿನ ವಾಕ್ಯ ಸಣ್ಣ ಪದದಲ್ಲಿ ಮುಗಿದರೂ ಮುಗಿದೀತು. ನಮ್ಮ ಕ್ರಿಯಾಪದ ಕೂರುವುದೇ ಕೊನೆಯಲ್ಲಿ, ವಾಕ್ಯದಲ್ಲೇ ಉದ್ದದ ಪದವೂ ಸಾಮಾನ್ಯವಾಗಿ ಅದೇ. ‘ಹುಡುಕಿಕೊಂಡು ಹೋಗುತ್ತಿದ್ದೇನೆ’ ಅನ್ನುವುದು ಬಲೂನಿನ ಅತಿ ಇಕ್ಕಟ್ಟಿನ ತಳಕ್ಕೆ ಬಂದು ಬೀಳುತ್ತದೆ. ಆಗ ಪದವನ್ನು ಎಲ್ಲೆಂದರಲ್ಲಿ ಮುರಿಯುತ್ತಾರೆ: ‘ಹೋಗುತ್ತಿ’ ಒಂದು ಸಾಲು, ‘ದ್ದೇನೆ’ ಮುಂದಿನ ಸಾಲು. ಮಗು ಅಲ್ಲಿಗೇ ಪುಸ್ತಕ ಮಡಚುತ್ತದೆ.

ಇದಕ್ಕೆ ಮೂರು ದಾರಿ. ಮೊದಲನೆಯದು ಆಡುಮಾತು: ‘ಹುಡುಕ್ಕೊಂಡ್ ಹೋಗ್ತಿದೀನಿ’. ಎರಡನೆಯದು, ಮಾತಿನಲ್ಲಿ ಹೇಗೂ ನಾವು ಮಾಡುವ ಹಾಗೆ ಸಣ್ಣ ಪದವನ್ನು ಕೊನೆಗೆ ತರುವುದು: ‘ಹುಡುಕ್ತಿದೀನಿ ಅವನ್ನ’, ‘ಬರಲ್ಲ ನಾನು’. ಮೂರನೆಯದು ಬಲೂನನ್ನೇ ಬದಲಿಸುವುದು. ಮೂಲೆ ದುಂಡಗಿರುವ ಚೌಕದ ಬಲೂನಿನಲ್ಲಿ ಕನ್ನಡ ಚೆನ್ನಾಗಿ ಕೂರುತ್ತದೆ. ಆದರೆ ಅದಕ್ಕೆ ಚಿತ್ರ ಒಂದು ಲೇಯರಿನಲ್ಲಿ, ಬಲೂನು ಇನ್ನೊಂದರಲ್ಲಿ, ಅಕ್ಷರ ಮತ್ತೊಂದರಲ್ಲಿ ಇರುವ ಕಡತ ಬೇಕು. ಹಕ್ಕು ಕೊಳ್ಳುವ ಒಪ್ಪಂದದಲ್ಲೇ ‘ಲೇಯರ್ ಬಿಡಿಸಿದ ಕಡತ ಕೊಡತಕ್ಕದ್ದು’ ಅಂತ ಒಂದು ಸಾಲು ಬರೆಸಿಕೊಳ್ಳಿ. ಆಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ, ಕೊಟ್ಟರೂ ಅದಕ್ಕೆ ಬೇರೆ ಬಿಲ್ಲು. ಜಪಾನಿನ ಮಾಂಗಾ ತರುವವರಿಗಂತೂ ಇದು ಇಲ್ಲದೆ ಆಗುವುದೇ ಇಲ್ಲ. ಅಲ್ಲಿನ ಬರಹ ಮೇಲಿನಿಂದ ಕೆಳಕ್ಕೆ ಇಳಿಯುವುದರಿಂದ ಬಲೂನುಗಳೂ ಉದ್ದುದ್ದ, ಸಪೂರ. ಕನ್ನಡದ ಒಂದು ಪದಕ್ಕೂ ಅಗಲ ಸಾಲದು.

ದಪ್ಪಕ್ಷರದ ವಿಷಯ. ಮೂಲದಲ್ಲಿ ಒತ್ತಿ ಹೇಳುವ ಪದವನ್ನು ದಪ್ಪ ಮಾಡಿ ಓರೆ ಮಾಡಿರುತ್ತಾರೆ. ಅದನ್ನು ನೋಡಿ ಕನ್ನಡದಲ್ಲೂ ಹಾಗೇ ಮಾಡುತ್ತಾರೆ. ಬಹಳಷ್ಟು ಕನ್ನಡ ಫಾಂಟುಗಳಲ್ಲಿ ಓರೆಯಕ್ಷರ ಇರುವುದೇ ಇಲ್ಲ. ಸಾಫ್ಟ್‌ವೇರ್ ಇದ್ದುದನ್ನೇ ವಾಲಿಸಿ ಕೊಡುತ್ತದೆ, ಒತ್ತಕ್ಷರ ಪಕ್ಕದ ಅಕ್ಷರದ ಕಾಲಬುಡಕ್ಕೆ ಸರಿದಿರುತ್ತದೆ. ಬೇಕಾಗಿಯೂ ಇಲ್ಲ. ‘ನಾನೇ’, ‘ಅವನೂ’, ‘ಇಲ್ಲಿಯೇ’ ಅನ್ನುವಾಗ ಒತ್ತು ಪದದೊಳಗೇ ಇದೆ.

ಫಾಂಟು ಹೇಳಿದೆನಾದ್ದರಿಂದ ತಾಂತ್ರಿಕವಾಗಿ ಇನ್ನೆರಡು ಮಾತು. ಯೂನಿಕೋಡ್ ಕನ್ನಡವನ್ನು ಫೋಟೊಶಾಪಿಗೆ ಅಂಟಿಸಿದಾಗ ಒತ್ತಕ್ಷರ ಬಿಡಿಬಿಡಿಯಾಗಿ ಪಕ್ಕಕ್ಕೆ ಬಂದು ನಿಂತರೆ ಅದು ಫಾಂಟಿನ ತಪ್ಪಲ್ಲ. ಪಠ್ಯದ ಎಂಜಿನ್ನನ್ನು ದಕ್ಷಿಣ ಏಷ್ಯಾ ಭಾಷೆಗಳಿಗೆ ಬದಲಿಸಿಲ್ಲ ಅಂತ ಅರ್ಥ. ಇನ್‌ಡಿಸೈನಿನಲ್ಲಾದರೆ ವರ್ಲ್ಡ್-ರೆಡಿ ಕಂಪೋಸರ್ ಆರಿಸಬೇಕು. ಮಕ್ಕಳ ಕಾಮಿಕ್ಸಿಗೆ ಬಲೂ ತಮ್ಮ, ಕೈಬರಹದ ಕಳೆ ಬೇಕಾದರೆ ಅಕಾಯ ಕನಡಕ (Akaya Kanadaka), ಎರಡೂ ಪುಕ್ಕಟೆ ಸಿಗುತ್ತವೆ. ನುಡಿ ತಂತ್ರಾಂಶದಲ್ಲಿ ಟೈಪಾದ ಹಳೆಯ ಕಡತವನ್ನು ಯೂನಿಕೋಡಿಗೆ ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನೆಲ್ಲ ಒಂದೊಂದಾಗಿ ನೋಡಲೇಬೇಕು, ಜಾರುವುದು ಅಲ್ಲೇ. ರ‍್ಯಾಂಡಿ ಆರ್ಟನ್ ಎಂಬ ಕುಸ್ತಿಪಟುವಿನ ಹೆಸರನ್ನು ನೋಡಿ: ರಕಾರ ಆದಮೇಲೆ ಕಣ್ಣಿಗೆ ಕಾಣದ ಜೋಡಕ ಒಂದನ್ನು ಒತ್ತದೆ ಹೋದರೆ ಅದು ‘ರ್ಯಾಂಡಿ’ ಆಗಿ ಯಕಾರದ ಪಕ್ಕಕ್ಕೆ ಅರ್ಕಾವತ್ತು ಬೀಳುತ್ತದೆ. ರ‍್ಯಾಂಬೊ, ರ‍್ಯಾಂಕ್, ಎಲ್ಲಕ್ಕೂ ಇದೇ ಗತಿ. ಹೆಸರುಗಳ ಪಟ್ಟಿಯೊಂದನ್ನು ಮೊದಲೇ ಸರಿಯಾಗಿ ಟೈಪ್ ಮಾಡಿಟ್ಟು ಎಲ್ಲರೂ ಅದರಿಂದಲೇ ನಕಲು ಮಾಡಿದರೆ ಮುಗಿಯಿತು.

ಅಚ್ಚಿಗೆ ಕಳಿಸುವ ಮುಂಚೆ ಅಕ್ಷರದ ಕಪ್ಪು ನೋಡಿ. ನಾಲ್ಕು ಬಣ್ಣ ಕಲಸಿ ಬರುವ ಕಪ್ಪಾದರೆ ಪ್ಲೇಟು ಕೂದಲೆಳೆಯಷ್ಟು ಸರಿದರೂ ಅಕ್ಷರದ ಅಂಚಿಗೆ ಕೆಂಪು, ನೀಲಿ ನೆರಳು ಹತ್ತುತ್ತದೆ. ದುಂಡನೆಯ ಅಕ್ಷರ, ಒಳಗೆ ಸಣ್ಣ ಸಣ್ಣ ಬಿಲ; ಆ ಬಿಲಗಳೆಲ್ಲ ಮುಚ್ಚಿಹೋಗುತ್ತವೆ. ಕಪ್ಪು ಶಾಯಿ ಶೇಕಡ ನೂರು, ಉಳಿದ ಮೂರು ಬಣ್ಣ ಸೊನ್ನೆ, ಓವರ್‌ಪ್ರಿಂಟ್ ಆನ್. ಚಿತ್ರದ ಜೊತೆ ಅಕ್ಷರವನ್ನೂ ಫೋಟೊಶಾಪಿನಲ್ಲೇ ಚಪ್ಪಟೆ ಮಾಡಿ ಕಳಿಸಿದರೆ ಇದು ಸಾಧ್ಯವಿಲ್ಲ. ಅಕ್ಷರ ಕೊನೆಯವರೆಗೂ ಚುಕ್ಕೆಗಳ ಚಿತ್ರವಾಗದೆ ವೆಕ್ಟರ್ ಆಗಿಯೇ ಇರಲಿ.

ಶಬ್ದಗಳು. ಇಲ್ಲಿ ನೀವು ಬಂಗಾರದ ಗಣಿಯ ಮೇಲೆ ಕೂತು ಚಿಲ್ಲರೆ ಎಣಿಸುತ್ತಿದ್ದೀರಿ. ಗುದ್ದಿನ, ಸ್ಫೋಟದ ಇಂಗ್ಲಿಷ್ ಶಬ್ದಗಳನ್ನೇ ಕನ್ನಡ ಲಿಪಿಯಲ್ಲಿ ಬರೆದುಬಿಟ್ಟರೆ ಆಯಿತೇ? ಧೊಪ್, ಧಡಾರ್, ಢಮಾರ್, ಛಟೀರ್, ಬುಸ್, ದಬದಬ, ಗಿರಗಿರ, ಚಟಪಟ, ಧಗಧಗ. ಬಿದ್ದದ್ದು ಮನುಷ್ಯನೋ ಮೂಟೆಯೋ, ಮಣ್ಣಿನ ಮೇಲೋ ತಗಡಿನ ಮೇಲೋ, ಅಷ್ಟನ್ನೂ ಒಂದೇ ಪದ ಹೇಳುವ ಭಾಷೆ ಇದು. ಇವನ್ನು ಫಾಂಟಿನಲ್ಲಿ ಹಾಕಬೇಡಿ, ಕೈಯಲ್ಲಿ ಬರೆಸಿ. ಒಂದು 32 ಪುಟದ ಸಂಚಿಕೆಗೆ ಬರೆಯುವುದು ಒಬ್ಬ ಕಲಾವಿದನ ಒಂದೆರಡು ದಿನದ ಕೆಲಸ. ಬೋರ್ಡ್ ಬರೆಯುವ ಕಲಾವಿದರು ಫ್ಲೆಕ್ಸ್ ಬಂದಮೇಲೆ ಕೆಲಸವಿಲ್ಲದೆ ಕೂತಿದ್ದಾರೆ, ಅವರನ್ನು ಕರೆಯಿರಿ.

ಸಬ್‌ಟೈಟಲ್ ಬಗ್ಗೆ ಹೇಳುವುದು ಸ್ವಲ್ಪ, ಆದರೆ ಅದು ಲೆಕ್ಕದ ವಿಷಯ. ಸಾಲಿಗೆ 42 ಅಕ್ಷರ ಅನ್ನುವುದು ಬಹಳ ಕಡೆ ಚಾಲ್ತಿಯಲ್ಲಿರುವ ಮಿತಿ. ಅದು ರೋಮನ್ ಲಿಪಿಗೆ ಕಟ್ಟಿದ ಲೆಕ್ಕ. ಕಂಪ್ಯೂಟರು ಕನ್ನಡದ ಅಕ್ಷರ ಎಣಿಸುವುದಿಲ್ಲ, ಅದರ ಬಿಡಿಭಾಗ ಎಣಿಸುತ್ತದೆ. ‘ಸ್ತ್ರೀ’ ಅನ್ನುವುದು ನಮಗೆ ಒಂದಕ್ಷರ, ಅದಕ್ಕೆ ಆರು. ‘ಅವನು ಮತ್ತೆ ಎದ್ದು ನಿಂತ’ ಅನ್ನುವ ಒಂಬತ್ತು ಅಕ್ಷರದ ಮಾತು ಖಾಲಿ ಜಾಗ ಸೇರಿ 21 ಅಂತ ತೋರಿಸುತ್ತದೆ, ಅರ್ಧ ಸಾಲು ಖರ್ಚಾಯಿತು. ಸೆಕೆಂಡಿಗೆ ಇಷ್ಟು ಅಕ್ಷರ ಅನ್ನುವ ಓದಿನ ವೇಗದ ಮಿತಿಯೂ ಇದೇ ಎಣಿಕೆಯ ಮೇಲೆ ನಿಂತಿದೆ. ಹಾಗಾಗಿ ಓದುಗ ಆರಾಮಾಗಿ ಓದಬಲ್ಲ ಸಾಲಿಗೂ ಪರದೆಯಲ್ಲಿ ಕೆಂಪು ದೀಪ ಹತ್ತುತ್ತದೆ. ಅನುವಾದಕ ಮೊದಲು ವಿಶೇಷಣ ಕಿತ್ತುಹಾಕುತ್ತಾನೆ, ಆಮೇಲೆ ತಮಾಷೆ, ಆಮೇಲೆ ಅರ್ಥ. ಮಿತಿಯನ್ನು ಅಕ್ಷರದ ಲೆಕ್ಕಕ್ಕೆ ಬದಲಿಸಿ, ಇಲ್ಲವೇ ಸಾಲಿನ ಅಗಲವನ್ನು ಪರದೆಯ ಮೇಲೆ ಅಳೆದು ನೋಡಿ. ಹಾಗೆಯೇ, ಕನ್ನಡ ಸಿನಿಮಾಗಳಿಗೆ ಇಂಗ್ಲಿಷ್ ಸಬ್‌ಟೈಟಲ್ ಮಾತ್ರ ಇಟ್ಟು ಕನ್ನಡದ್ದನ್ನು ಬಿಡುವುದು ಯಾವ ನ್ಯಾಯ? ಕಿವಿ ಕೇಳದ ಕನ್ನಡಿಗರು ಕನ್ನಡದ ಸಿನಿಮಾವನ್ನು ಇಂಗ್ಲಿಷಿನಲ್ಲಿ ಓದಿ ನೋಡಬೇಕೇ? ಚಿತ್ರಕತೆಯ ಕಡತ ನಿರ್ಮಾಪಕರ ಹತ್ತಿರ ಟೈಪಾಗಿಯೇ ಇರುತ್ತದೆ.

ಇನ್ನು ಡಬ್ಬಿಂಗ್. ಅದು ಬೇಕೋ ಬೇಡವೋ ಎಂಬ ಜಗಳಕ್ಕೆ ನಾನು ಬರುವುದಿಲ್ಲ, ಅದು ಹಳತಾಯಿತು. 2015ರ ಜುಲೈನಲ್ಲಿ ಡಬ್ಬಿಂಗ್ ತಡೆಯುವುದು ತಪ್ಪು ಅಂತ ಸ್ಪರ್ಧಾ ಆಯೋಗ ತೀರ್ಪು ಕೊಟ್ಟಿತು, 2017ರ ಮಾರ್ಚಿನಲ್ಲಿ ತಮಿಳಿನಿಂದ ಡಬ್ ಆದ ‘ಸತ್ಯದೇವ್ ಐಪಿಎಸ್’ ತೆರೆಗೆ ಬಂತು, 2020ರ ಲಾಕ್‌ಡೌನಿನಲ್ಲಿ ಮಹಾಭಾರತ ಧಾರಾವಾಹಿ ಕನ್ನಡ ಮಾತಾಡುತ್ತಾ ಮನೆಮನೆಗೆ ಬಂತು. 2023ರಲ್ಲಿ ‘ಸ್ಪೈಡರ್-ಮ್ಯಾನ್: ಅಕ್ರಾಸ್ ದ ಸ್ಪೈಡರ್-ವರ್ಸ್’ ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬಿಡುಗಡೆಯಾದಾಗ ಕನ್ನಡವೂ ಇತ್ತು. ಬಾಗಿಲು ತೆರೆದಿದೆ. ತೆರೆದ ಮೇಲೂ 2025ರಲ್ಲಿ ಜಪಾನಿನ ಅನಿಮೇಷನ್ ಸಿನಿಮಾ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಬಂದಾಗ ಹಿಂದಿ, ತಮಿಳು, ತೆಲುಗು ಇದ್ದವು, ಕನ್ನಡ ಇರಲಿಲ್ಲ. ಬೆಂಗಳೂರಿನ ಥಿಯೇಟರುಗಳಲ್ಲಿ ಅದನ್ನು ನೋಡಿದವರಲ್ಲಿ ಎಷ್ಟು ಜನ ಕನ್ನಡ ಬಲ್ಲವರು ಅಂತ ಲೆಕ್ಕ ಹಾಕುವ ತೊಂದರೆ ತೆಗೆದುಕೊಳ್ಳಿ. ಮತ್ತೆ ಕನ್ನಡ ಆವೃತ್ತಿಗೆ ಬೆಳಗ್ಗೆ ಒಂಬತ್ತರ ಒಂದೇ ಶೋ ಕೊಟ್ಟು, ಜನ ಬರಲಿಲ್ಲ ಅಂತ ಮುಂದಿನ ಸಲ ಅದನ್ನೂ ಕೈಬಿಡುವ ಲೆಕ್ಕಾಚಾರ ಬೇಡ.

ಬಂದದ್ದು ಯಾಕೆ ಹಿಡಿಸುವುದಿಲ್ಲ? ತುಟಿ ಹೊಂದುವುದಿಲ್ಲ ಅನ್ನುತ್ತಾರೆ. ಎಲ್ಲ ಕಡೆ ಹೊಂದಬೇಕಾಗಿಯೂ ಇಲ್ಲ. ನೋಡುವವರ ಕಣ್ಣು ಹಿಡಿಯುವುದು ಎರಡೇ ಕಡೆ: ಪ, ಬ, ಮ ಬರುವಲ್ಲಿ ತುಟಿ ಮುಚ್ಚಿದೆಯೇ, ಮಾತು ಮುಗಿದಾಗ ಬಾಯಿ ಹೇಗಿದೆ. ಎರಡನೆಯದರಲ್ಲೇ ಕನ್ನಡ ಸಿಕ್ಕಿಬೀಳುವುದು. ಇಂಗ್ಲಿಷಿನ ಮಾತುಗಳು ಎಷ್ಟೋ ಸಲ ವ್ಯಂಜನದಲ್ಲಿ ಮುಗಿಯುತ್ತವೆ. ‘ಹಿಮ್’, ‘ಸ್ಟಾಪ್’ ಅಂದಾಗ ತುಟಿ ಮುಚ್ಚಿಯೇ ಇರುತ್ತದೆ. ಕನ್ನಡದ ಪದ ಮುಗಿಯುವುದು ಸ್ವರದಲ್ಲಿ. ಪರದೆಯ ಮೇಲೆ ಬಾಯಿ ಮುಚ್ಚಿದೆ, ಕಿವಿಗೆ ‘ಇಲ್ಲಾ’ ಅಂತ ಅಗಲವಾದ ಆಕಾರ ಬೀಳುತ್ತಿದೆ. ಸಂಭಾಷಣೆ ಬರೆಯುವವರು ಅಂಥ ಕಡೆ ಉಕಾರದಲ್ಲಿ ಮುಗಿಸಲಿ: ಸಾಕು, ಬೇಕು, ಆಯ್ತು, ನೀನು. ಉಕಾರಕ್ಕೆ ತುಟಿ ಹೆಚ್ಚೇನೂ ತೆರೆಯುವುದಿಲ್ಲ, ಮೋಸ ಗೊತ್ತಾಗುವುದಿಲ್ಲ. ‘ಅವನನ್ನ ತಡೀಬೇಕು ನೀನು’ ಕೂರುತ್ತದೆ, ‘ನೀನು ಅವನನ್ನ ತಡೀಲೇಬೇಕಪ್ಪಾ’ ಕೂರುವುದಿಲ್ಲ. ಕೊಲೆಗಾರನ ಹೆಸರೋ ಗುಟ್ಟೋ ಕೊನೆಯ ಪದದಲ್ಲಿ ಬಯಲಾಗುವ ಮಾತಿದ್ದರೆ ‘ನಾನು ನಿಮ್ಮಪ್ಪನನ್ನು ಕೊಂದೆ’ ಅಂತ ಗುಟ್ಟನ್ನು ಮೊದಲೇ ಚೆಲ್ಲಬೇಡಿ. ‘ನಿಮ್ಮಪ್ಪನ್ನ ಕೊಂದಿದ್ದು ನಾನು’ ಅನ್ನುವ ಸೌಕರ್ಯ ನಮ್ಮಲ್ಲಿ ಇದೆ.

ಅದಕ್ಕಿಂತ ದೊಡ್ಡ ಅಪಸ್ವರ ನೀನು–ನೀವಿನದು. ಕಂತು ಒಂದರಲ್ಲಿ ಶಿಷ್ಯ ಗುರುವಿಗೆ ‘ನೀವು’ ಅನ್ನುತ್ತಾನೆ, ಕಂತು ನಾಲ್ಕರಲ್ಲಿ ‘ನೀನು’, ಏಳರಲ್ಲಿ ಮತ್ತೆ ‘ನೀವು’. ಕಂತುಗಳನ್ನು ಬೇರೆ ಬೇರೆಯವರಿಗೆ ಹಂಚಿ ಅನುವಾದ ಮಾಡಿಸಿದ್ದರ ಫಲ. ಶುರು ಮಾಡುವ ಮುಂಚೆ ಒಂದು ಕೋಷ್ಟಕ ಹಾಕಿ: ಯಾರು ಯಾರಿಗೆ ಏನನ್ನುತ್ತಾರೆ. ಮುಖ್ಯ ಪಾತ್ರ ಹತ್ತಿದ್ದರೆ 90 ಮನೆ. ಪ್ರತಿ ಮನೆಯಲ್ಲಿ ನೀನೋ ನೀವೋ, ಕರೆಯುವುದು ಹೆಸರಿನಿಂದಲೋ, ಅಣ್ಣ, ಸರ್, ಚಿಕ್ಕಮ್ಮ ಅಂತಲೋ, ಅದು ಬದಲಾಗುವುದಿದ್ದರೆ ಯಾವ ದೃಶ್ಯದಲ್ಲಿ ಅನ್ನುವುದನ್ನು ಬರೆಯಿರಿ. ಅರ್ಧ ದಿನದ ಕೆಲಸ. ಖಳನಾಯಕ ಇಡೀ ಸಿನಿಮಾ ಮರ್ಯಾದೆಯಿಂದ ‘ನೀವು’ ಅನ್ನುತ್ತಿದ್ದು ಕೊನೆಯ ಹೊಡೆದಾಟಕ್ಕೆ ಮುಂಚೆ ‘ನೀನು’ ಅಂದರೆ ಥಿಯೇಟರಿನಲ್ಲಿ ಸಿಳ್ಳೆ ಬೀಳುತ್ತದೆ. ಇಂಗ್ಲಿಷ್ ಮೂಲದಲ್ಲಿ ಆ ಅಸ್ತ್ರ ಇಲ್ಲವೇ ಇಲ್ಲ.

ಪ್ರಾದೇಶಿಕ ಮಾತಿನ ಬಗ್ಗೆ ಕೊಂಚ ಸಿಟ್ಟಿನಿಂದಲೇ ಹೇಳುತ್ತೇನೆ. ನಾಯಕನಿಗೆ ಬೆಂಗಳೂರು–ಮೈಸೂರಿನ ಮಾತು, ನಗಿಸುವವನಿಗೆ ಹುಬ್ಬಳ್ಳಿಯ ಮಾತು, ಅಡುಗೆಯವನಿಗೆ ಮಂಗಳೂರಿನದು. ಈ ಚಾಳಿ ನಮ್ಮದೇ ಸಿನಿಮಾದಿಂದ ಬಂದದ್ದು, ಡಬ್ಬಿಂಗಿಗೂ ದಾಟಿದೆ. ಸ್ಪೈಡರ್-ವರ್ಸಿನ ಹೋಬಿ ಬ್ರೌನ್‌ನಂಥ ಪಾತ್ರ ನೋಡಿ: ಗಿಟಾರ್ ಹಿಡಿದ ಲಂಡನ್ನಿನ ಪಂಕ್, ಯಾರ ಮಾತಿಗೂ ಸೊಪ್ಪು ಹಾಕದವನು. ಮೂಲದಲ್ಲಿ ಅವನ ಗತ್ತು ಇರುವುದೇ ಊರಿನ ಉಚ್ಚಾರದಲ್ಲಿ. ಇಂಥವನಿಗೆ ಧಾರವಾಡದ ಕಡೆಯ ಗಂಡುಮಾತು ಕೊಟ್ಟು ನೋಡಿ. ‘ಏನ್ ಮಾಡ್ತಿ ಮಾಡ್ಕೋ ಹೋಗಲೇ’ ಅಂದರೆ ಯಾರೂ ನಗುವುದಿಲ್ಲ, ಹೌದು ಅನ್ನುತ್ತಾರೆ. ಆದರೆ ಆ ದನಿ ಆ ಕಡೆಯವರದ್ದೇ ಆಗಬೇಕು. ಅನುಕರಣೆ ಮಾಡುವವರು ಎರಡನೇ ವಾಕ್ಯಕ್ಕೇ ಸಿಕ್ಕಿಬೀಳುತ್ತಾರೆ.

ಧ್ವನಿಯ ತಾಂತ್ರಿಕ ಪಾಡು ಇನ್ನೊಂದು. ಪರದೆಯಲ್ಲಿ ಮನುಷ್ಯ ಗುಡ್ಡದ ಆಚೆಯಿಂದ ಕೂಗುತ್ತಿದ್ದಾನೆ, ದನಿ ಮಾತ್ರ ನಮ್ಮ ಕಿವಿಯಲ್ಲೇ ಪಿಸುಗುಟ್ಟಿದಂತೆ. ಎಲ್ಲ ಮಾತನ್ನೂ ಮೈಕಿನಿಂದ ಒಂದು ಗೇಣು ದೂರದಲ್ಲಿ ನಿಂತು ಹೇಳಿಸಿದರೆ ಹೀಗಾಗುತ್ತದೆ. ಕೂಗುವ ಮಾತಿಗೆ ಕಲಾವಿದರನ್ನು ಮೂರು ನಾಲ್ಕು ಅಡಿ ಹಿಂದೆ ನಿಲ್ಲಿಸಿ, ನಿಜವಾಗಿ ಕೂಗಿಸಿ, ಆಮೇಲೆ ಆ ಜಾಗದ ಗುಂಯ್‌ಗುಟ್ಟುವಿಕೆ ಸೇರಿಸಿ. ಮೂಲದವರಿಂದ ಸಂಗೀತ ಮತ್ತು ಶಬ್ದದ ಬೇರೆ ಟ್ರ್ಯಾಕ್ ಬರುತ್ತದೆಯಲ್ಲ, ಅದರಲ್ಲಿ ಉಸಿರಾಟ, ನರಳಾಟ ಎಷ್ಟಿದೆ ಎಂದು ಮೊದಲೇ ಕೇಳಿ ಗುರುತು ಹಾಕಿಕೊಳ್ಳಿ. ಇಲ್ಲದಿದ್ದರೆ ಏದುಸಿರು ಒಬ್ಬನದು, ಮುಂದಿನ ಮಾತು ಇನ್ನೊಬ್ಬನದು. ಹಿಂದೆ ಗುಂಪಿನ ಗದ್ದಲ ಇಂಗ್ಲಿಷಿನಲ್ಲೋ ತೆಲುಗಿನಲ್ಲೋ ಉಳಿದುಬಿಟ್ಟರೂ ಅಷ್ಟೇ ಅಭಾಸ. ಐದಾರು ಜನರನ್ನು ಒಂದು ಗಂಟೆ ನಿಲ್ಲಿಸಿ ಕನ್ನಡದ ಗದ್ದಲ ಮಾಡಿಸಿದರೆ ಇಡೀ ಸಿನಿಮಾಕ್ಕೆ ಆಗುತ್ತದೆ. ಮಕ್ಕಳ ದನಿಗೆ ಮಕ್ಕಳನ್ನೇ ಕರೆಯಿರಿ, ಒಂದು ಸಲಕ್ಕೆ ಎರಡು ಗಂಟೆ ಮೀರಿಸಬೇಡಿ. ಮೂವತ್ತರ ಹೆಂಗಸು ಮೂಗಿನಲ್ಲಿ ಕೀರಲು ದನಿ ತೆಗೆದರೆ ಅದು ಮಗು ಅಂತ ಮಗುವೂ ನಂಬುವುದಿಲ್ಲ. ಇಬ್ಬರ ಜಗಳದ ದೃಶ್ಯವಾದರೆ ಎರಡನೆಯವರಿಗೆ ಮೊದಲನೆಯವರ ಕನ್ನಡದ ದನಿಯನ್ನೇ ಹೆಡ್‌ಫೋನಿನಲ್ಲಿ ಕೇಳಿಸಿ. ಇಂಗ್ಲಿಷಿಗೆ ಕನ್ನಡದಲ್ಲಿ ಉತ್ತರ ಕೊಡುತ್ತಾ ನಿಂತವರಿಗೆ ಕೋಪ ಎಲ್ಲಿಂದ ಬರಬೇಕು?

ಕೊನೆಗೆ ಕುಸ್ತಿ. 2025ರ ಏಪ್ರಿಲಿನಿಂದ ಭಾರತದಲ್ಲಿ ಅಮೆರಿಕದ ಕುಸ್ತಿ ಕಾರ್ಯಕ್ರಮ ಡಬ್ಲ್ಯುಡಬ್ಲ್ಯುಇ ನೆಟ್‌ಫ್ಲಿಕ್ಸಿಗೆ ಬಂದಿದೆ. ಅದಕ್ಕೂ ಹಿಂದೆ ಕೇಬಲ್ಲಿನಲ್ಲಿ ನೋಡಿ, ಟ್ರಂಪ್ ಕಾರ್ಡಿನಲ್ಲಿ ಎತ್ತರ, ತೂಕ, ಎದೆಯ ಸುತ್ತಳತೆ ಬಾಯಿಪಾಠ ಮಾಡಿ ಬೆಳೆದ ಒಂದಿಡೀ ತಲೆಮಾರು ಇಲ್ಲಿದೆ. (ರ‍್ಯಾಂಕ್ ಒಂದು ಇದ್ದ ಕಾರ್ಡಿಗೆ ಬದಲಾಗಿ ಏನೇನು ಕೊಡುತ್ತಿದ್ದರು ಅನ್ನುವುದು ಬೇರೆ ಕತೆ.) ಕ್ರೀಡೆಗೆ ಕನ್ನಡ ಒಗ್ಗುವುದಿಲ್ಲ ಅನ್ನುವ ಸಬೂಬು ಸ್ಟಾರ್ ಸ್ಪೋರ್ಟ್ಸ್ ಕನ್ನಡದಲ್ಲಿ ಕಬಡ್ಡಿ, ಕ್ರಿಕೆಟ್ ಕೇಳಿದ ಮೇಲೆ ನಿಲ್ಲುವುದಿಲ್ಲ. ಕುಸ್ತಿಗಂತೂ ಪದಗಳು ಸಿದ್ಧವಾಗಿಯೇ ಇವೆ. ಮೈಸೂರು ದಸರಾದ ಅಖಾಡದಲ್ಲಿ, ಬೆಳಗಾವಿ, ಬಾಗಲಕೋಟೆ ಕಡೆಯ ಜಾತ್ರೆಗಳಲ್ಲಿ ದಿನನಿತ್ಯ ಬಳಸುವ ಮಾತುಗಳು: ಪಟ್ಟು, ವರಸೆ, ಚಿತ್, ಮಟ್ಟಿ, ಜೋಡಿ ಕಟ್ಟುವುದು.

ಹೊಡೆತಗಳ ಹೆಸರನ್ನು ಕನ್ನಡಕ್ಕೆ ತಿರುಗಿಸಲು ಹೋಗಬೇಡಿ. ಆರ್‌ಕೆಓ ಆರ್‌ಕೆಓನೇ, ಎಫ್-5 ಎಫ್-5ನೇ. ಅವು ಆಯಾ ಕುಸ್ತಿಪಟುವಿನ ಮುದ್ರೆ. ಆದರೆ ಆ ಹೊಡೆತಕ್ಕೆ ಮುಂಚಿನ ಎರಡು ಸೆಕೆಂಡು ಏನಾಗುತ್ತಿದೆ ಅನ್ನುವುದಕ್ಕೆ ನಮ್ಮ ಅಖಾಡದ ಮಾತು ಬಳಸಿ. ಜಾನ್ ಸೀನ ಎದುರಾಳಿಯ ತೊಡೆಯೊಳಗೆ ಒಂದು ಕೈ ಹಾಕಿ, ಇನ್ನೊಂದು ಕೈಯಲ್ಲಿ ತೋಳು ಹಿಡಿದು, ಅಡ್ಡಲಾಗಿ ಹೆಗಲ ಮೇಲೆ ಹೊತ್ತುಕೊಳ್ಳುತ್ತಿದ್ದನಲ್ಲ, ಗರಡಿಯ ಹುಡುಗನನ್ನು ಕೇಳಿ, ‘ಕಲಾಜಂಗ್’ ಅನ್ನುತ್ತಾನೆ. ಬ್ರಾಕ್ ಲೆಸ್ನರ್ ಎತ್ತಿಕೊಳ್ಳುವುದೂ ಅದೇ ಹಿಡಿತದಲ್ಲಿ, ಎಸೆಯುವುದು ಮಾತ್ರ ಬೇರೆ ಥರ. ಹೆಗಲ ಮೇಲಿಂದ ಬಟ್ಟೆ ಒಗೆದಂತೆ ಎಸೆದರೆ ‘ಧೋಬಿ ಪಛಾಡ್’. ಬಿದ್ದವನು ಅಂಗಾತವೋ, ಬೋರಲೋ, ಮಗ್ಗುಲೋ ಅನ್ನುವುದನ್ನು ಹೇಳಿ. ಹೊರಳಿಸಿ ಅಂಗಾತ ಮಾಡಿದರಷ್ಟೇ ಎಣಿಕೆ ಶುರುವಾಗುವುದು ಅನ್ನುವುದು ಹೊಸ ನೋಡುಗರಿಗೆ ಅದರಿಂದಲೇ ಅರ್ಥವಾಗುತ್ತದೆ. ಸಮಯದ ಮಿತಿಯಿಲ್ಲದ ಪಂದ್ಯಕ್ಕೆ ಮೈಸೂರಿನಲ್ಲಿ ಮಾರ್ಫಿಟ್ ಕುಸ್ತಿ ಅನ್ನುತ್ತಾರೆ, ಉತ್ತರ ಕರ್ನಾಟಕದಲ್ಲಿ ನಿಕಾಲಿ ಕುಸ್ತಿ.

ಎರಡೂ ಭುಜ ನೆಲಕ್ಕೆ ತಾಗಿದ್ದಾಗ ಮೂರು ಎಣಿಸಿದರೆ ಸೋಲು, ಹಾಗಾಗಿ ಎಣಿಕೆ ಬಹಳ ಮುಖ್ಯ. ರೆಫರಿಯ ಕೈ ನೆಲಕ್ಕೆ ಬಡಿಯುವ ಕ್ಷಣಕ್ಕೇ ಒಂದು, ಎರಡು ಅನ್ನುವುದು ಬೀಳಬೇಕು, ಅರ್ಧ ಸೆಕೆಂಡು ತಡವಾದರೂ ರಸ ಹೋಯಿತು. ಮೂರಕ್ಕೆ ಕೈ ಇನ್ನೇನು ಬಡಿಯಬೇಕು ಅನ್ನುವಾಗ ಭುಜ ಎತ್ತಿದರೆ ‘ಎರಡೂಮುಕ್ಕಾಲು!’ ಅನ್ನಿ. ಇಷ್ಟು ಚಂದದ ಪದ ಕೈಯಲ್ಲಿಟ್ಟುಕೊಂಡು ಯಾರಾದರೂ ಇಂಗ್ಲಿಷಿನ ‘ನಿಯರ್ ಫಾಲ್’ ಅನ್ನು ‘ಹತ್ತಿರದ ಪತನ’ ಅಂತ ಬರೆದುಕೊಟ್ಟರೆ ಅವರಿಗೆ ಸಂಬಳ ಕೊಡಬೇಡಿ.

ಕಾಮೆಂಟರಿಗೆ ಇಬ್ಬರು ಬೇಕು, ಇಬ್ಬರೂ ಒಂದೇ ರಾಗ ಹಾಡಬಾರದು. ಜಿಮ್ ರಾಸ್ ಮತ್ತು ಜೆರಿ ಲಾಲರ್ ಜೋಡಿ ಓಡಿದ್ದು ಒಬ್ಬ ನ್ಯಾಯದ ಕಡೆ, ಇನ್ನೊಬ್ಬ ಸಾಮಾನ್ಯವಾಗಿ ಖಳರ ಕಡೆ ನಿಂತಿದ್ದರಿಂದ. ಮತ್ತೊಂದು ಬೇಡಿಕೆ: ‘ಇದೆಲ್ಲ ಮೊದಲೇ ಬರೆದದ್ದು’ ಅಂತ ಮಧ್ಯೆ ಮಧ್ಯೆ ಹಲ್ಲು ಕಿಸಿಯಬೇಡಿ. ನೋಡುವವರಿಗೆ ಅದು ಗೊತ್ತಿದೆ. ಬಯಲಾಟದಲ್ಲಿ ಕೀಚಕ ಸಾಯುತ್ತಾನೆ ಅಂತ ಗೊತ್ತಿದ್ದೇ ಬೆಳಗಿನ ಜಾವದವರೆಗೆ ಕೂರುವ ಜನ ನಾವು. ಒಡ್ಡೋಲಗ ನೋಡಿ ಬಲ್ಲವರಿಗೆ ಅಂಡರ್‌ಟೇಕರನ ಪ್ರವೇಶ ಯಾಕೆ ಅಷ್ಟು ನಿಧಾನ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆಗ ಬಾಯಿ ಮುಚ್ಚಿಕೊಂಡು ಗಂಟೆಯ ಸದ್ದು ಕೇಳಲು ಬಿಡಿ. ಹಳೆಯ ಪಂದ್ಯಗಳಿಗೆ ಕನ್ನಡ ಸೇರಿಸುವಾಗ ಜನರ ಗದ್ದಲದ ಟ್ರ್ಯಾಕನ್ನು ತಗ್ಗಿಸಬೇಡಿ. 1998ರಲ್ಲಿ ಅಂಡರ್‌ಟೇಕರ್ ಮ್ಯಾನ್‌ಕೈಂಡನನ್ನು ಪಂಜರದ ಮೇಲಿನಿಂದ ಮೇಜಿನ ಮೇಲಕ್ಕೆ ಎಸೆದ ದೃಶ್ಯಕ್ಕೆ ಕಾಮೆಂಟರಿಯಷ್ಟೇ ಮುಖ್ಯವಾದದ್ದು ಇಡೀ ಸಭಾಂಗಣ ಒಮ್ಮೆಲೇ ಹೌಹಾರಿದ ಸದ್ದು.

ಇಷ್ಟೆಲ್ಲ ಒಂದೇ ವರ್ಷದಲ್ಲಿ ಆಗುವುದಿಲ್ಲ, ಗೊತ್ತು. ಮೊದಲು ಒಂದು ಕಾಮಿಕ್ಸ್ ಸಂಚಿಕೆ, ಒಂದು ಅನಿಮೇಷನ್ ಸಿನಿಮಾ, ರೆಸಲ್‌ಮೇನಿಯಾದಂಥ ಒಂದು ದೊಡ್ಡ ರಾತ್ರಿಯ ಕಾಮೆಂಟರಿ, ಮೂರನ್ನು ಸರಿಯಾಗಿ ಮಾಡಿ ಬಿಡಿ. ಅಚ್ಚಿಗೆ, ಪ್ರಸಾರಕ್ಕೆ ಹೋಗುವ ಮುಂಚೆ ಶಿವಮೊಗ್ಗದಲ್ಲೋ ಕಲಬುರಗಿಯಲ್ಲೋ ಹತ್ತು ವರ್ಷದ ಐದಾರು ಮಕ್ಕಳ ಕೈಗೆ ಕೊಟ್ಟು ಜೋರಾಗಿ ಓದಿಸಿ. ಎಲ್ಲಿ ತಡವರಿಸಿದರೋ ಆ ಬಲೂನಿಗೆ ಪೆನ್ಸಿಲಿನಲ್ಲಿ ಸುತ್ತು ಹಾಕಿ ವಾಪಸು ತನ್ನಿ.

ಮತ್ತೆ, ಹೆಸರು ಹಾಕಿ. ಪುಸ್ತಕದ ಎರಡನೇ ಪುಟದಲ್ಲಿ ಅನುವಾದಕರ ಜೊತೆ ಅಕ್ಷರ ಬರೆದವರದು, ಸಿನಿಮಾದ ಕೊನೆಯಲ್ಲಿ ಕನ್ನಡದ ದನಿ ಕೊಟ್ಟ ಅಷ್ಟೂ ಜನರದು ಮತ್ತು ಮಿಕ್ಸಿಂಗ್ ಮಾಡಿದವರದು, ಪಂದ್ಯದ ಶುರುವಿನಲ್ಲಿ ಕಾಮೆಂಟರಿಯ ಇಬ್ಬರದು, ಕನ್ನಡ ಲಿಪಿಯಲ್ಲಿ, ಓದುವಷ್ಟು ಹೊತ್ತು. ಚೆನ್ನಾಗಿದ್ದರೆ ಯಾರನ್ನು ಹೊಗಳಬೇಕು, ಹಾಳಾದರೆ ಯಾರಿಗೆ ಮುಂದಿನ ಪತ್ರ ಬರೆಯಬೇಕು ಅನ್ನುವುದು ನಮಗೂ ತಿಳಿಯಲಿ.

ಇಂತಿ,
ಕಾಸು ಕೊಟ್ಟು ಕನ್ನಡದಲ್ಲೇ ಕೊಳ್ಳಲು ತಯಾರಿರುವ ಒಬ್ಬ ಅಭಿಮಾನಿ